ಅಳಿಲು ಮರಿಯ ಆರೈಕೆ ಮತ್ತು ಬಿಡುಗಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರಿಗೆ ಮುಂಚಿನ ಗಾಳಿಮಳೆ, ತೆಂಗಿನ ಮರದ ಒಣಗರಿ ಇಳಿಸುವ ಕೆಲಸ, ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದು, ಪೇಟೆಯಲ್ಲಿ ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವುದು, ಇವುಗಳಲ್ಲಿ ಯಾವುದೋ ಒಂದರಿಂದ ಅಳಿಲಿನ ಗೂಡು ನೆಲಕ್ಕೆ ಬೀಳುತ್ತದೆ; ಮರಿ ಯಾರದೋ ಅಂಗೈ ಸೇರುತ್ತದೆ. ಹಾಗೆ ಮರಿಯನ್ನು ಕೈಗೆತ್ತಿಕೊಂಡವರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉತ್ತರಗಳು ನಮ್ಮ ಊರು, ತೋಟ, ಬೀದಿಗಳಲ್ಲಿ ಎಲ್ಲೆಲ್ಲೂ ಕಾಣುವ ಮೂರು ಪಟ್ಟೆಯ ಅಳಿಲಿಗೆ ಸಂಬಂಧಿಸಿದವು. ಬೇರೆ ಜಾತಿಯ ಅಳಿಲುಗಳ ವಿಚಾರ ಕೊನೆಯ ಭಾಗದಲ್ಲಿದೆ.

## ಮೊದಲ ಕೆಲವು ಗಂಟೆಗಳು

ಕೂದಲೂ ಇಲ್ಲ, ಕಣ್ಣೂ ಬಿಟ್ಟಿಲ್ಲ. ಇದು ಅಳಿಲು ಮರಿಯೋ ಇಲಿ ಮರಿಯೋ ಹೇಗೆ ತಿಳಿಯುವುದು?

ಹುಟ್ಟಿದ ಮೊದಲ ದಿನಗಳಲ್ಲಿ ಗೊಂದಲವಾಗುವುದು ಸಹಜ. ಅಳಿಲು ಮರಿಯ ತಲೆ ದೊಡ್ಡದು, ಮೂತಿ ಮೊಂಡು, ಬೆರಳುಗಳು ಉದ್ದ, ಉಗುರುಗಳು ಆಗಲೇ ಚೂಪಾಗಿರುತ್ತವೆ. ಬಟ್ಟೆಯ ಮೇಲಿಟ್ಟರೆ ಅದಕ್ಕೆ ಕಚ್ಚಿಕೊಂಡು ನೇತಾಡಬಲ್ಲವು. ಇಲಿ ಮರಿಯ ಮೂತಿ ಚೂಪು, ಉಗುರು ಸಣ್ಣದು. ಕೆಲವೇ ದಿನಗಳಲ್ಲಿ ಅಳಿಲು ಮರಿಯ ಬೆನ್ನಿನ ಚರ್ಮ ಕಪ್ಪಾಗುತ್ತಾ ಬಂದು, ಕೂದಲು ಮೂಡುವುದಕ್ಕೆ ಮುಂಚೆಯೇ ಪಟ್ಟೆಯ ಛಾಯೆ ಕಾಣತೊಡಗುವುದರಿಂದ ಅನುಮಾನ ತಾನಾಗಿ ಪರಿಹಾರವಾಗುತ್ತದೆ. ಶ್ರೀರಾಮನ ಬೆರಳ ಗುರುತು ಎಂದು ನಾವು ಕೇಳಿಕೊಂಡು ಬಂದ ಗೆರೆಗಳು ಇವೇ.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಮತ್ತೆ ಸೇರಿಸಿಕೊಳ್ಳುವುದಿಲ್ಲವಂತೆ, ಹೌದಾ?

ಅಲ್ಲ. ಈ ನಂಬಿಕೆಯಿಂದಾಗಿ ತಾಯಿ ಇದ್ದೂ ತಬ್ಬಲಿಯಾಗುವ ಮರಿಗಳಿಗೆ ಲೆಕ್ಕವಿಲ್ಲ. ತಾಯಿ ಅಳಿಲು ಮನುಷ್ಯರ ವಾಸನೆಗೆ ಹೇಸಿ ಮರಿಯನ್ನು ತೊರೆಯುವುದಿಲ್ಲ. ಅದು ಅಂಜುವುದು ಮರದ ಬುಡದಲ್ಲಿ ಗುಂಪುಗಟ್ಟಿ ನಿಂತ ಜನರಿಗೆ, ನಾಯಿಗೆ, ಬೆಕ್ಕಿಗೆ. ಅಳಿಲುಗಳು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಗೂಡು ಕಟ್ಟಿಕೊಂಡಿರುತ್ತವೆ. ಒಂದು ಗೂಡು ಕೆಟ್ಟರೆ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಇನ್ನೊಂದಕ್ಕೆ ಸಾಗಿಸುವುದು ಅವುಗಳ ಸ್ವಭಾವ. ಆದ್ದರಿಂದ ಗಾಯವಿಲ್ಲದ, ಬೆಚ್ಚಗಿರುವ ಮರಿ ಸಿಕ್ಕರೆ ಮೊದಲ ಪ್ರಯತ್ನ ತಾಯಿಗೆ ಒಪ್ಪಿಸುವುದೇ ಆಗಿರಬೇಕು. ನಾವು ಎಷ್ಟೇ ಅಚ್ಚುಕಟ್ಟಾಗಿ ಸಾಕಿದರೂ ಆ ತಾಯಿ ಕಲಿಸುವುದರ ಕಾಲು ಭಾಗವನ್ನೂ ಕಲಿಸಲಾರೆವು.

ತಾಯಿಗೆ ಒಪ್ಪಿಸುವುದು ಹೇಗೆ? ಎಷ್ಟು ಹೊತ್ತು ಕಾಯಬೇಕು?

ಗೂಡು ಪೂರ್ತಿಯಾಗಿ ಬಿದ್ದಿದ್ದರೆ ಅದನ್ನು ಹಾಗೆಯೇ ಒಂದು ಬುಟ್ಟಿಯಲ್ಲಿಟ್ಟು, ಇಲ್ಲವಾದರೆ ರಟ್ಟಿನ ಡಬ್ಬಿಯಲ್ಲಿ ಮೆತ್ತಗಿನ ಹಳೆಯ ಹತ್ತಿ ಬಟ್ಟೆ ಹಾಸಿ, ಮರಿಯನ್ನು ಮಲಗಿಸಿ, ಅದೇ ಮರಕ್ಕೆ ಅಥವಾ ಅದೇ ಗೋಡೆಯ ಬಳಿ ನಾಯಿ ಬೆಕ್ಕುಗಳಿಗೆ ಎಟುಕದ ಎತ್ತರದಲ್ಲಿ ಕಟ್ಟಬೇಕು. ಡಬ್ಬಿಯ ಬಾಯಿ ತೆರೆದಿರಬೇಕು. ಆದರೆ ನೇರ ಬಿಸಿಲು, ಮಳೆ ಬೀಳಬಾರದು. ಒಂದು ಬದಿಯಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಸಣ್ಣ ಬಾಟಲಿ ಇಡಬೇಕು. ಈ ಬಾಟಲಿಗೆ ಎರಡು ಪ್ರಯೋಜನಗಳಿವೆ: ಮರಿ ಬೆಚ್ಚಗಿರುತ್ತದೆ, ಬೆಚ್ಚಗಿರುವುದರಿಂದ ಕೂಗುತ್ತದೆ. ತಣ್ಣಗಾದ ಮರಿ ಸದ್ದಿಲ್ಲದೆ ಮುದುಡಿಕೊಳ್ಳುವುದರಿಂದ ತಾಯಿಗೆ ಅದು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ಇರುವೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಕಟ್ಟುವ ಹಗ್ಗಕ್ಕೆ ಎಣ್ಣೆ ಸವರಿದರೆ ಇರುವೆ ಹತ್ತುವುದು ಕಡಿಮೆಯಾಗುತ್ತದೆ. ಬಳಿಕ ಎಲ್ಲರೂ ದೂರ ಸರಿದು, ಸಾಧ್ಯವಾದರೆ ಕಿಟಕಿಯ ಹಿಂದಿನಿಂದ ನೋಡುತ್ತಿರಬೇಕು. ಅಳಿಲು ಹಗಲಿನಲ್ಲಿ ಓಡಾಡುವ ಪ್ರಾಣಿಯಾದ್ದರಿಂದ ಕತ್ತಲಾದ ಮೇಲೆ ಕಾಯುವುದು ವ್ಯರ್ಥ. ಬಾಟಲಿಯ ನೀರನ್ನು ಆಗಾಗ ಬದಲಿಸುತ್ತಾ ಸಂಜೆಯವರೆಗೆ ಕಾಯಿರಿ. ತಾಯಿ ಬಾರದಿದ್ದರೆ ಮರಿಯನ್ನು ಒಳಗೆ ತಂದು ರಾತ್ರಿ ಬೆಚ್ಚಗಿಟ್ಟು, ಮರಿ ಚುರುಕಾಗಿದ್ದರೆ ಮರುದಿನ ಬೆಳಗಿನ ಹೊತ್ತು ಇನ್ನೊಮ್ಮೆ ಇಟ್ಟು ನೋಡಬಹುದು.

ಯಾವಾಗ ಕಾಯಬಾರದು?

ಬೆಕ್ಕು ಕಚ್ಚಿಕೊಂಡು ಬಂದ ಮರಿ, ರಕ್ತ ಕಾಣುವ ಮರಿ, ಕಾಲು ಜೋತುಬಿದ್ದಿರುವ ಮರಿ, ಮೈಯಲ್ಲಿ ಹುಳು ಬಿದ್ದಿರುವ ಮರಿ, ಅಥವಾ ತಾಯಿ ಸತ್ತಿರುವುದನ್ನು ನೀವು ಕಣ್ಣಾರೆ ಕಂಡಿದ್ದರೆ ಆ ಮರಿ ಕೂಡಲೇ ಪಶುವೈದ್ಯರನ್ನು ಕಾಣಬೇಕು. ಬೆಕ್ಕಿನ ಹಲ್ಲಿನ ಗಾಯ ಸೂಜಿಮೊನೆಯಷ್ಟೇ ಇದ್ದು ಹೊರಗೆ ಕಾಣದಿರಬಹುದು. ಆದರೆ ಅದರ ಬಾಯಿಯ ಬ್ಯಾಕ್ಟೀರಿಯಾ ಇಷ್ಟು ಸಣ್ಣ ದೇಹದಲ್ಲಿ ಒಂದೆರಡು ದಿನಗಳಲ್ಲೇ ನಂಜಾಗಿ ಹಬ್ಬುತ್ತದೆ. ಗಾಯ ಕಾಣಲಿಲ್ಲವೆಂದು ಸುಮ್ಮನಿರುವಂತಿಲ್ಲ, ಮನೆಯಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಪುಡಿಮಾಡಿ ಕೊಡುವಂತೆಯೂ ಇಲ್ಲ. ಪೆನಿಸಿಲಿನ್ ಗುಂಪಿನ ಕೆಲವು ಔಷಧಿಗಳು ಇಲಿ, ಅಳಿಲಿನಂತಹ ದಂಶಕಗಳ ಕರುಳಿಗೆ ಮಾರಕವಾಗಬಲ್ಲವು. ಯಾವ ಔಷಧಿ, ಎಷ್ಟು ಎಂಬುದನ್ನು ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು.

ಮರಿ ತಣ್ಣಗಿದೆ, ಅಲುಗಾಡುತ್ತಿಲ್ಲ. ಮೊದಲು ಸ್ವಲ್ಪ ಹಾಲು ಕೊಡಲೇ?

ಬೇಡ. ಈ ಪುಟದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಮೊದಲು ಶಾಖ, ಆಮೇಲೆ ನೀರಿನಂಶ, ಕೊನೆಗೆ ಹಾಲು. ಮೈ ತಣ್ಣಗಾದಾಗ ಜೀರ್ಣಕ್ರಿಯೆ ನಿಂತುಹೋಗಿರುತ್ತದೆ. ಹೊಟ್ಟೆಗೆ ಹೋದ ಹಾಲು ಅಲ್ಲಿಯೇ ಹುಳಿತು ಉಬ್ಬರವಾಗುತ್ತದೆ, ನುಂಗುವ ಶಕ್ತಿಯಿಲ್ಲದಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಹಳಷ್ಟು ಮರಿಗಳು ಸಾಯುವುದು ಹಸಿವಿನಿಂದಲ್ಲ, ಆತುರದ ಹಾಲಿನಿಂದ.

ಬೇರೇನೂ ಕೈಗೆ ಸಿಗದಿದ್ದರೆ ಮರಿಯನ್ನು ಎರಡು ಅಂಗೈಗಳ ನಡುವೆ, ನಿಮ್ಮ ಮೈಯ ಬಿಸಿಗೆ ಹಿಡಿದುಕೊಳ್ಳಿ. ಬಳಿಕ ಡಬ್ಬಿಯ ಅರ್ಧ ಭಾಗದ ಕೆಳಗೆ ಮಾತ್ರ ಶಾಖವಿರುವಂತೆ ಬಿಸಿನೀರಿನ ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಇಡಿ. ಉಳಿದರ್ಧ ಖಾಲಿಯಿದ್ದರೆ, ಬಿಸಿ ಹೆಚ್ಚಾದಾಗ ಮರಿ ತೆವಳಿಕೊಂಡು ಅತ್ತ ಸರಿಯುತ್ತದೆ. ಕೂದಲಿಲ್ಲದ ಮರಿಗೆ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮೈತುಂಬ ಕೂದಲು ಬಂದಂತೆಲ್ಲ ಇದನ್ನು ಇಳಿಸುತ್ತಾ ಬರಬಹುದು. ಮೇಲಿನಿಂದ ಬಲ್ಬ್ ಉರಿಸಿಡುವುದು ಒಳ್ಳೆಯದಲ್ಲ. ಚರ್ಮ ಒಣಗುತ್ತದೆ, ರಟ್ಟಿನ ಡಬ್ಬಿಗೆ ಬೆಂಕಿಯ ಭಯವೂ ಇದೆ. ಹಾಸಲು ನೂಲಿನ ಕುಣಿಕೆಗಳಿರುವ ಟರ್ಕಿ ಟವೆಲ್ ಬಳಸಬೇಡಿ, ಉಗುರು ಸಿಕ್ಕಿಕೊಂಡು ಕಾಲು ತಿರುಚಿಹೋಗುತ್ತದೆ. ತೊಳೆದು ತೊಳೆದು ಮೆತ್ತಗಾದ ಬನಿಯನ್ನೋ ಪಂಚೆಯ ತುಂಡೋ ಸಾಕು.

ಮೈ ಬೆಚ್ಚಗಾದ ಮೇಲೆ ಬೆನ್ನಿನ ಚರ್ಮವನ್ನು ಮೆಲ್ಲನೆ ಎಳೆದು ಬಿಡಿ. ಅದು ತಕ್ಷಣ ಹಿಂದಕ್ಕೆ ಹೋಗದೆ ಗುಡಾರದಂತೆ ನಿಂತರೆ ನೀರಿನಂಶ ಕಡಿಮೆಯಾಗಿದೆ ಎಂದರ್ಥ. ಔಷಧಿ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಂತೆಯೇ ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ, ಉಗುರುಬೆಚ್ಚಗೆ, ಹನಿ ಹನಿಯಾಗಿ ಎರಡು ಮೂರು ಸಲ ಕೊಟ್ಟ ಬಳಿಕವೇ ಹಾಲಿನ ಮಾತು. ಹಣ್ಣಿನ ರುಚಿಯ, ಸಿಹಿ ಹೆಚ್ಚಿರುವ ಡಬ್ಬಿ ಪಾನೀಯಗಳು ಇದಕ್ಕೆ ಬದಲಿಯಲ್ಲ.

ಯಾರಿಗೆ ತಿಳಿಸಬೇಕು? ನಾವೇ ಸಾಕಿಕೊಂಡರೆ ತಪ್ಪೇನು?

ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನವರಿಗೆ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಸಣ್ಣ ಊರುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಯೇ ಹತ್ತಿರದ ದಾರಿ. ಅಲ್ಲಿ ಅಳಿಲಿಗೆ ಚಿಕಿತ್ಸೆ ನೀಡಿದ ಅನುಭವ ಕಡಿಮೆಯಿದ್ದರೂ ಗಾಯ, ನಂಜು, ಮೂಳೆ ಮುರಿತವನ್ನು ನೋಡಬಲ್ಲ ಕಣ್ಣು ಇರುತ್ತದೆ. ಅನುಭವಿಗಳಿಗೆ ಒಪ್ಪಿಸುವ ಅವಕಾಶವಿದ್ದರೆ ಒಪ್ಪಿಸುವುದೇ ಮೇಲು. ಅಲ್ಲಿ ಬೇರೆ ಮರಿಗಳ ಜೊತೆಯಾದರೂ ಸಿಗುತ್ತದೆ.

ಸಾಕಿಕೊಳ್ಳುವ ವಿಚಾರಕ್ಕೆ ಬಂದರೆ, ಅಳಿಲು ಕಾಡುಪ್ರಾಣಿ, ಸಾಕುಪ್ರಾಣಿಯಲ್ಲ. ಅಂಗೈಯಲ್ಲಿ ನಿದ್ದೆ ಮಾಡುತ್ತಿದ್ದ ಮರಿ ಬಲಿತ ಮೇಲೆ ಕಚ್ಚುತ್ತದೆ, ಪರದೆ ಹರಿಯುತ್ತದೆ, ವಿದ್ಯುತ್ ತಂತಿ ಕಡಿಯುತ್ತದೆ, ಪಂಜರದೊಳಗೆ ಒಂದೇ ಸಮನೆ ಸುತ್ತುತ್ತದೆ. ಆ ಹಂತದಲ್ಲಿ ಬೇಸತ್ತು ಬಿಟ್ಟುಬಿಡುವವರು ಬಿಡುವುದು ಬದುಕಲು ಬಾರದ ಪ್ರಾಣಿಯನ್ನು.

## ಹಾಲು ಕುಡಿಸುವ ದಿನಗಳು

ಹಸುವಿನ ಹಾಲಿಗೆ ನೀರು ಬೆರೆಸಿ ಕೊಡಬಹುದೇ?

ಬಹಳ ಮಂದಿ ಕೊಡುತ್ತಾರೆ, ಬಹಳಷ್ಟು ಮರಿಗಳಿಗೆ ಭೇದಿ ಹಿಡಿಯುತ್ತದೆ. ಅಳಿಲಿನ ತಾಯಿಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನ್ ಹೆಚ್ಚು, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಕಡಿಮೆ. ಹಸುವಿನ ಹಾಲು ಇದಕ್ಕೆ ತದ್ವಿರುದ್ಧ. ನೀರು ಬೆರೆಸಿದರೆ ಲ್ಯಾಕ್ಟೋಸಿನ ತೊಂದರೆ ಅಷ್ಟಿಷ್ಟು ತಗ್ಗಬಹುದು, ಆದರೆ ಇದ್ದ ಕೊಬ್ಬೂ ಕಡಿಮೆಯಾಗಿ ಮರಿ ಸೊರಗುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ನಾಯಿಮರಿಗಳ ಹಾಲಿನ ಪುಡಿ ಸದ್ಯಕ್ಕೆ ಇರುವುದರಲ್ಲಿ ಒಳ್ಳೆಯದು. ಸಾಮಾನ್ಯವಾಗಿ ಒಂದು ಪಾಲು ಪುಡಿಗೆ ಎರಡು ಪಾಲು ನೀರು. ಮೊದಲ ದಿನ ಇನ್ನೂ ತೆಳ್ಳಗೆ ಮಾಡಿ, ಕ್ರಮೇಣ ಗಟ್ಟಿ ಮಾಡುತ್ತಾ ಹೋಗಬೇಕು. ಕಲಸಿದ ಹಾಲು ಫ್ರಿಜ್‌ನಲ್ಲಿ ಒಂದು ದಿನ ಮಾತ್ರ ಇರಲಿ, ಬಿಸಿ ಮಾಡಿದ್ದರಲ್ಲಿ ಉಳಿದದ್ದನ್ನು ಚೆಲ್ಲಿಬಿಡಿ. ಪುಡಿ ಸಿಗದ ಊರಿನಲ್ಲಿ ಅದು ಬರುವವರೆಗಿನ ಒಂದು ರಾತ್ರಿಗೆ ಓಆರ್‌ಎಸ್ ನಂಬಿಕೊಳ್ಳುವುದು ಹಸುವಿನ ಹಾಲಿಗಿಂತ ಕ್ಷೇಮ. ಜೇನು, ಸಕ್ಕರೆ ನೀರು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಬಿಸ್ಕತ್ತು ಯಾವುದೂ ಬೇಡ.

ಒಂದು ಸಲಕ್ಕೆ ಎಷ್ಟು? ರಾತ್ರಿಯೂ ಎದ್ದು ಕುಡಿಸಬೇಕೇ?

ಊಹೆಗಿಂತ ತಕ್ಕಡಿ ಒಳ್ಳೆಯದು. ಒಂದೊಂದು ಗ್ರಾಮನ್ನೂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಸಣ್ಣ ಬಟ್ಟಲಿಟ್ಟು ದಿನವೂ ಒಂದೇ ಹೊತ್ತಿಗೆ ಮರಿಯನ್ನು ತೂಗಿ ಬರೆದಿಡಿ. ಒಂದು ಸಲಕ್ಕೆ ಮೈತೂಕದ ಸುಮಾರು ಶೇ. 5ರಷ್ಟು ಹಾಲು ಸಾಕು. 20 ಗ್ರಾಂ ಮರಿಗೆ ಒಂದು ಮಿಲಿಲೀಟರ್, 40 ಗ್ರಾಂ ಮರಿಗೆ ಎರಡು. ಕೂದಲಿಲ್ಲದ ಮರಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ. ಕೂದಲು ಬಂದು ಕಣ್ಣು ಮುಚ್ಚಿರುವಾಗ ಮೂರು ನಾಲ್ಕು ಗಂಟೆಗೊಮ್ಮೆ. ಕಣ್ಣು ಬಿಟ್ಟ ಮೇಲೆ ನಾಲ್ಕೈದು ಗಂಟೆಗೊಮ್ಮೆ ಕೊಟ್ಟು, ರಾತ್ರಿಯ ಸರದಿಯನ್ನು ನಿಲ್ಲಿಸಬಹುದು.

ಕೂದಲಿಲ್ಲದ ಮರಿಯಲ್ಲಿ ಹಾಲು ಹೊಟ್ಟೆ ಸೇರಿದ್ದು ಕಣ್ಣಿಗೇ ಕಾಣುತ್ತದೆ: ಎಡಪಕ್ಕೆಯ ಕೆಳಗೆ, ತೆಳು ಚರ್ಮದ ಹಿಂದೆ, ಬೆಳ್ಳಗಿನ ಮಚ್ಚೆಯೊಂದು ಮೂಡುತ್ತದೆ. ಮುಂದಿನ ಸರದಿಯ ಹೊತ್ತಿಗೂ ಅದು ಅಷ್ಟೇ ದೊಡ್ಡದಾಗಿ ಉಳಿದಿದ್ದರೆ ಹಿಂದಿನದು ಜೀರ್ಣವಾಗಿಲ್ಲ. ಮರಿ ತಣ್ಣಗಿದೆಯೇ ಎಂದು ಮೊದಲು ನೋಡಿ, ಆ ಸರದಿಯನ್ನು ಮುಂದೂಡಿ.

ಕುಡಿಸುವಾಗ ಹಾಲು ಮೂಗಿನಿಂದ ಬಂತು. ಏನು ಮಾಡಲಿ?

ತಕ್ಷಣ ನಿಲ್ಲಿಸಿ. ಮರಿಯ ತಲೆ ತಗ್ಗಿಸಿ ಹಿಡಿದು ಮೂಗನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ, ಸೀನಿ ಉಸಿರಾಟ ಸರಿಹೋಗುವವರೆಗೆ ಮತ್ತೆ ಕುಡಿಸಬೇಡಿ. ನಂತರದ ಒಂದೆರಡು ದಿನ ಮರಿಯನ್ನು ಕಿವಿಯ ಬಳಿ ಹಿಡಿದು ಆಲಿಸಬೇಕು. ಎದೆಯಲ್ಲಿ ಚಿಟಿಕೆ ಹೊಡೆದಂತಹ ಸಣ್ಣ ಸದ್ದು, ಬಾಯಿ ತೆರೆದು ಉಸಿರಾಡುವುದು, ಹಾಲು ಬೇಡವೆನ್ನುವುದು ಕಂಡುಬಂದರೆ ನ್ಯುಮೋನಿಯಾ ಶುರುವಾಗಿರಬಹುದು. ಅದಕ್ಕೆ ಮನೆಮದ್ದಿಲ್ಲ, ವೈದ್ಯರೇ ನೋಡಬೇಕು.

ಇದನ್ನು ತಪ್ಪಿಸುವುದು ಕಷ್ಟವಲ್ಲ. ಮರಿಯನ್ನು ಮನುಷ್ಯರ ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬಾರದು. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಹಿಡಿದು, ಸೂಜಿಯಿಲ್ಲದ ಒಂದು ಮಿಲಿಲೀಟರ್ ಸಿರಿಂಜಿನಿಂದ ತುಟಿಯ ಅಂಚಿಗೆ ಹನಿ ಮುಟ್ಟಿಸಿದರೆ ಅದು ತಾನೇ ಚೀಪಿಕೊಳ್ಳುತ್ತದೆ. ಹಸಿದ ಮರಿ ಎರಡೂ ಕೈಯಿಂದ ಸಿರಿಂಜನ್ನು ತಬ್ಬಿ ಎಳೆಯುವುದರಿಂದ, ಹಿಡಿಯುವವರು ವೇಗವನ್ನು ತಡೆಯಬೇಕೇ ಹೊರತು ಹೆಚ್ಚಿಸಬಾರದು. ಕಣ್ಣಿಗೆ ಬಿಡುವ ಔಷಧಿಯ ಡ್ರಾಪರ್‌ನಿಂದ ಹನಿಯ ಅಳತೆ ಸಿಗುವುದಿಲ್ಲ.

ಹಾಲು ಚೆನ್ನಾಗಿ ಕುಡಿಯುತ್ತಿದೆ, ಆದರೆ ಉಚ್ಚೆಯನ್ನೇ ಮಾಡುತ್ತಿಲ್ಲ. ಹೊಟ್ಟೆ ಉಬ್ಬಿದೆ.

ಕಣ್ಣು ಬಿಡದ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ಗೂಡಿನಲ್ಲಿ ತಾಯಿ ನೆಕ್ಕಿ ನೆಕ್ಕಿ ಮಾಡಿಸುವ ಕೆಲಸವನ್ನು ನಾವು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಮಾಡಬೇಕು. ಪ್ರತಿ ಸಲ ಹಾಲು ಕುಡಿಸುವುದಕ್ಕೆ ಮೊದಲು ಮತ್ತು ಆಮೇಲೆ ಬಾಲದ ಕೆಳಭಾಗವನ್ನು ಹಗುರವಾಗಿ ಸವರುತ್ತಿದ್ದರೆ ಕೆಲವು ಕ್ಷಣಗಳಲ್ಲಿ ಮೂತ್ರ ಬರುತ್ತದೆ. ಉಜ್ಜಿದರೆ ಚರ್ಮ ಕೆಂಪಾಗಿ ಬಾತುಕೊಳ್ಳುತ್ತದೆ, ಸವರುವುದಷ್ಟೇ. ಮೂತ್ರ ಕಡು ಹಳದಿಯಿದ್ದರೆ ನೀರಿನಂಶ ಸಾಲದು. ಆಗಲೇ ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ ಹಾಲು ನಿಲ್ಲಿಸಿ, ಮರಿಯ ಸೊಂಟದಿಂದ ಕೆಳಗಿನ ಭಾಗವನ್ನು ಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ಇರಿಸಿ, ಹೊಟ್ಟೆಯನ್ನು ಮೇಲಿಂದ ಕೆಳಕ್ಕೆ ನೀವಿ, ಮೈ ಪೂರ್ತಿ ಒಣಗಿಸಿ ಶಾಖಕ್ಕೆ ಮಲಗಿಸಿ. ಕೆಲವು ಗಂಟೆಗಳಲ್ಲಿ ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ಮೈಮೇಲೆ ಚಿಗಟ, ಕೂದಲಿನಲ್ಲಿ ಬಿಳಿ ಕಾಳಿನಂತಹದ್ದು ಏನೋ ಇದೆ.

ಎಳ್ಳಿಗಿಂತ ಸಣ್ಣಗಿರುವ, ಗುಂಪುಗುಂಪಾಗಿ ಅಂಟಿಕೊಂಡ ಬಿಳಿ ಕಾಳುಗಳು ನೊಣದ ಮೊಟ್ಟೆಗಳು. ಒಂದು ದಿನದೊಳಗೆ ಅವು ಹುಳುವಾಗಿ ಗಾಯ, ಕಿವಿ, ಗುದದ್ವಾರದೊಳಗೆ ಇಳಿಯುವುದರಿಂದ ಕೂಡಲೇ ಹೇನಿನ ಬಾಚಣಿಗೆ ಅಥವಾ ಚಿಮಟದಿಂದ ಒಂದೂ ಬಿಡದಂತೆ ತೆಗೆಯಬೇಕು. ಚಿಗಟ, ಉಣ್ಣೆಯನ್ನೂ ಹೀಗೆಯೇ ಕೈಯಿಂದ ತೆಗೆದು ಹಾಸಿದ ಬಟ್ಟೆಯನ್ನು ದಿನವೂ ಬದಲಿಸಿದರೆ ಸಾಕು. ಸೀಮೆಎಣ್ಣೆ, ಫಿನಾಯಿಲ್, ಕರ್ಪೂರ, ನಾಯಿಗೆ ಹಾಕುವ ಚಿಗಟದ ಪುಡಿ ಇವೆಲ್ಲ ಚಿಗಟದ ಜೊತೆಗೆ ಮರಿಯನ್ನೂ ಕೊಲ್ಲುತ್ತವೆ. ಹುಳುಗಳು ಆಗಲೇ ಒಳಗಿದ್ದರೆ ವೈದ್ಯರ ಬಳಿ ಹೋಗಿ.

ಮರಿ ಬೆರಳು ಕಚ್ಚಿತು. ರೇಬೀಸ್ ಚುಚ್ಚುಮದ್ದು ಬೇಕೇ?

ಅಳಿಲು, ಇಲಿಯಂತಹ ಸಣ್ಣ ದಂಶಕಗಳಲ್ಲಿ ರೇಬೀಸ್ ಕಾಣಿಸುವುದು ಅತಿ ವಿರಳ. ಆದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಮರಿ ಎಲ್ಲಿ ಸಿಕ್ಕಿತು, ನಾಯಿ ಬೆಕ್ಕು ಕಚ್ಚಿತ್ತೇ ಎಂಬ ವಿವರಗಳೊಂದಿಗೆ ವೈದ್ಯರನ್ನು ಕಾಣಿರಿ. ಧನುರ್ವಾಯು ಚುಚ್ಚುಮದ್ದೂ ಸೇರಿ ಏನು ಬೇಕೆಂದು ಅವರು ಹೇಳುತ್ತಾರೆ. ಕಚ್ಚದಿದ್ದರೂ ಮರಿಯನ್ನು ಮುಟ್ಟಿದ ಮೇಲೆ ಕೈ ತೊಳೆಯುವುದು ತಪ್ಪಬಾರದು.

## ಕಣ್ಣು ಬಿಟ್ಟ ಮೇಲೆ

ಮರಿಗೆ ಎಷ್ಟು ವಯಸ್ಸು ಎಂದು ಅಂದಾಜಿಸುವುದು ಹೇಗೆ?

ಗುಲಾಬಿ ಮೈ, ಕೂದಲಿಲ್ಲ ಎಂದರೆ ಮೊದಲ ವಾರ. ಪಟ್ಟೆ ಸ್ಪಷ್ಟವಾಗಿ, ಮಕಮಲ್ಲಿನಂತಹ ಗಿಡ್ಡ ಕೂದಲು ಬಂದಿದ್ದರೆ ಎರಡನೆಯ ವಾರದ ಆಚೀಚೆ. ಕಣ್ಣು ತೆರೆಯುವುದು ಸುಮಾರು ಮೂರು ವಾರಕ್ಕೆ. ಒಂದು ಕಣ್ಣು ಇನ್ನೊಂದಕ್ಕಿಂತ ಒಂದು ದಿನ ಮೊದಲೇ ತೆರೆದರೆ ಗಾಬರಿಯಾಗಬೇಕಿಲ್ಲ, ಒತ್ತಿ ಬಿಡಿಸಲೂ ಬಾರದು. ಬಾಲ ಪೊದೆಯಂತಾಗಿ, ಬಟ್ಟೆ ಹತ್ತಿ ಇಳಿದು ಓಡಾಡುವ ಮರಿ ಒಂದು ತಿಂಗಳು ದಾಟಿರುತ್ತದೆ. ಹಾಲು ಬಿಡುವುದು ಎಂಟರಿಂದ ಹತ್ತು ವಾರಗಳ ನಡುವೆ. ಬೆಳೆದ ಅಳಿಲಿನ ತೂಕ 100 ಗ್ರಾಂನ ಆಸುಪಾಸು.

ಗಟ್ಟಿ ಆಹಾರ ಯಾವಾಗ ಶುರು ಮಾಡಬೇಕು? ಏನು ಕೊಡಬೇಕು?

ಕಣ್ಣು ಬಿಟ್ಟು ಒಂದೆರಡು ವಾರಗಳಲ್ಲಿ ಮರಿ ಸಿಕ್ಕಿದ್ದನ್ನೆಲ್ಲ ಕಡಿದು ನೋಡಲಾರಂಭಿಸುತ್ತದೆ. ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕ್ಯಾರೆಟ್, ಸೀಬೆ, ಸಪೋಟ, ಎಳೆಯ ನುಗ್ಗೆಸೊಪ್ಪು ಇಡಬಹುದು. ಹಾಲನ್ನು ಒಮ್ಮೆಲೇ ನಿಲ್ಲಿಸದೆ, ಅದು ತಾನಾಗಿ ಬೇಡವೆನ್ನುವವರೆಗೆ ಕೊಡುತ್ತಾ ಬನ್ನಿ.

ಈ ಹಂತದಲ್ಲಿ ಮಾರುಕಟ್ಟೆಯ ಹಣ್ಣಿಗಿಂತ ಬೀದಿಯ ಮರದತ್ತ ಕಣ್ಣು ಹಾಯಿಸುವುದು ಜಾಣತನ. ಬಿಟ್ಟ ಮೇಲೆ ಅಳಿಲಿಗೆ ಸಿಗುವುದು ಸೇಬು ದ್ರಾಕ್ಷಿಯಲ್ಲ. ಬೆಂಗಳೂರಿನ ರಸ್ತೆಬದಿಯ ಗಸಗಸೆ ಹಣ್ಣು, ಆಲ ಅತ್ತಿಯ ಹಣ್ಣು, ದಾಸವಾಳದ ಹೂವು ಮೊಗ್ಗು, ಬಾಳೆಹೂವು, ಕಾಫಿ ಸೀಮೆಯಲ್ಲಾದರೆ ಅಳಿಲುಗಳು ತಲೆಕೆಳಗಾಗಿ ಜೋತುಬಿದ್ದು ಮಕರಂದ ಹೀರುವ ಸಿಲ್ವರ್ ಓಕ್ ಹೂಗೊಂಚಲು, ಹೀಗೆ ಆ ಊರಿನಲ್ಲಿ ಬೆಳೆಯುವುದನ್ನು ಕೊಂಬೆಸಮೇತ ತಂದು ಪಂಜರದಲ್ಲಿ ಕಟ್ಟಿದರೆ ಮರಿ ಅದನ್ನು ಹುಡುಕಿ, ಹಿಡಿದು, ಸುಲಿದು ತಿನ್ನುವುದನ್ನು ಕಲಿಯುತ್ತದೆ. ಕೊಂಬೆಯ ತೊಗಟೆಯಲ್ಲಿರುವ ಇರುವೆ, ಗೆದ್ದಲುಗಳೂ ಅದರ ಆಹಾರವೇ. ಔಷಧಿ ಹೊಡೆದ ತೋಟದ ಕೊಂಬೆ ಮಾತ್ರ ಬೇಡ. ಜೀವನಪೂರ್ತಿ ಬೆಳೆಯುತ್ತಲೇ ಇರುವ ಬಾಚಿಹಲ್ಲುಗಳನ್ನು ಸವೆಸಲು ಹಸಿ ಕಡ್ಡಿಗಳು ಸದಾ ಇರಬೇಕು.

ಶೇಂಗಾ ಎಂದರೆ ಪ್ರಾಣ. ಈಗ ಎರಡು ದಿನದಿಂದ ಹಿಂಗಾಲು ಎಳೆಯುತ್ತಿದೆ. ಬಿದ್ದು ಪೆಟ್ಟಾಗಿರಬಹುದೇ?

ಪೆಟ್ಟೂ ಆಗಿರಬಹುದು, ಆದರೆ ಶೇಂಗಾ, ಸೂರ್ಯಕಾಂತಿ ಬೀಜ, ಜೋಳ, ಬಿಸ್ಕತ್ತಿನ ಮೇಲೆಯೇ ಬೆಳೆದ ಮರಿಯಾದರೆ ಮೊದಲು ಅನುಮಾನಿಸಬೇಕಾದದ್ದು ಕ್ಯಾಲ್ಸಿಯಂ ಕೊರತೆಯನ್ನು. ಈ ಕಾಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಅತ್ಯಲ್ಪ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ದೇಹ ಅದನ್ನು ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ಮೂಳೆ ಟೊಳ್ಳಾಗಿ, ಸಣ್ಣ ಜಿಗಿತಕ್ಕೂ ಮುರಿಯುವಂತಾಗುತ್ತದೆ. ಮೊದಲು ಮಂಕಾಗುವುದು, ಹತ್ತಲು ಹಿಂಜರಿಯುವುದು, ಎತ್ತಿಕೊಂಡರೆ ನೋವಿನಿಂದ ಕೂಗುವುದು, ಬಳಿಕ ಹಿಂಗಾಲಿನ ನಿತ್ರಾಣ, ಕಡೆಗೆ ಸೆಳವು, ಇದು ಅದರ ಕ್ರಮ. ಇಷ್ಟಪಟ್ಟು ತಿನ್ನುತ್ತದೆ ಎಂಬುದು ಅದಕ್ಕೆ ಹಿತ ಎಂಬುದಕ್ಕೆ ಸಾಕ್ಷಿಯಲ್ಲ.

ಕಾಲು ಎಳೆಯುವ ಮರಿಗೆ ವೈದ್ಯರ ಸಲಹೆಯಂತೆ ಕ್ಯಾಲ್ಸಿಯಂ ಕೂಡಲೇ ಶುರುವಾಗಬೇಕು, ಎತ್ತರ ಹತ್ತದಂತೆ ಚಿಕ್ಕ ಜಾಗದಲ್ಲಿ ಇರಿಸಬೇಕು. ಬೇಗ ಗುರುತಿಸಿದರೆ ಚೇತರಿಸಿಕೊಳ್ಳುವುದುಂಟು. ತಡೆಯುವುದಂತೂ ಸುಲಭ: ನುಗ್ಗೆಸೊಪ್ಪು, ಪಕ್ಷಿಗಳ ಅಂಗಡಿಯಲ್ಲಿ ಸಿಗುವ ಸಮುದ್ರನೊರೆಯ ತುಂಡು, ವಿಟಮಿನ್ ಡಿ ಸಿಗಲು ದಿನವೂ ಗಾಜಿನ ಅಡ್ಡಿಯಿಲ್ಲದ ಎಳೆಬಿಸಿಲು, ಮತ್ತು ಕಾಳುಗಳನ್ನು ಎಂದಾದರೊಮ್ಮೆ ಒಂದೆರಡಕ್ಕೆ ಮಿತಿಗೊಳಿಸುವುದು.

ಒಂದೇ ಮರಿ ಇದೆ, ಒಂಟಿಯಾಗುತ್ತದೆಂದು ಮಕ್ಕಳು ಆಡಿಸುತ್ತಾರೆ. ನಮ್ಮ ನಾಯಿಯೂ ಅದಕ್ಕೆ ಏನೂ ಮಾಡುವುದಿಲ್ಲ.

ಒಂಟಿ ಮರಿಗೆ ಒಳ್ಳೆಯ ಜೊತೆ ಇನ್ನೊಂದು ಅಳಿಲು ಮರಿ. ಹತ್ತಿರದ ರಕ್ಷಣಾ ಕೇಂದ್ರದಲ್ಲಿ ಅಥವಾ ಬೇರೆಯವರ ಬಳಿ ಅದೇ ವಯಸ್ಸಿನ ಮರಿಯಿದ್ದರೆ, ಎರಡೂ ಆರೋಗ್ಯವಾಗಿವೆ ಎಂದು ಖಚಿತಪಡಿಸಿಕೊಂಡು ಜೊತೆ ಸೇರಿಸಬಹುದು. ಎಳೆಯ ಮರಿಗೆ ಕೈಯ ಬಿಸಿ ಬೇಕು ನಿಜ. ಆದರೆ ಗಟ್ಟಿ ಆಹಾರ ತಿನ್ನಲಾರಂಭಿಸಿದ ಮೇಲೆ ಹಾಲು ಕುಡಿಸುವ ಒಬ್ಬರ ಹೊರತು ಬೇರಾರೂ ಮುಟ್ಟದಿರುವುದು ಲೇಸು, ಹಾಲು ನಿಂತ ಮೇಲೆ ಅವರೂ ದೂರವಾಗಬೇಕು. ಹೆಸರಿಟ್ಟು ಕರೆದರೆ ಓಡಿಬರುವ ಅಳಿಲು ನಾಳೆ ಕಲ್ಲು ಹಿಡಿದ ಹುಡುಗನ ಬಳಿಗೂ ಓಡುತ್ತದೆ.

ನಾಯಿಯ ವಿಷಯದಲ್ಲಿ ನನ್ನ ನಿಲುವು ಇನ್ನೂ ಕಟು. ನಿಮ್ಮ ನಾಯಿ ಸಾಧುವಾಗಿರಬಹುದು; ಅದರ ಪಕ್ಕದಲ್ಲಿ ಬೆಳೆದ ಮರಿ ಕಲಿಯುವುದು ಎಲ್ಲ ನಾಯಿಗಳೂ ಸಾಧು ಎಂಬ ಪಾಠವನ್ನು. ಅಳಿಲು ಮತ್ತು ಬೆಕ್ಕು ಒಟ್ಟಿಗೆ ಮಲಗಿರುವ ವಿಡಿಯೋಗಳು ನೋಡಲು ಚೆಂದ, ಆದರೆ ಆ ಅಳಿಲನ್ನು ಬಿಡುಗಡೆ ಮಾಡುವಂತಿಲ್ಲ.

ಪಂಜರ ಹೇಗಿರಬೇಕು?

ಗಿಳಿಯ ಪಂಜರ ಸಾಲದು. ಮೂರಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರಕ್ಕೆ ಕಡಿಮೆಯಿಲ್ಲದ ಚೌಕಟ್ಟಿಗೆ ಅರ್ಧ ಇಂಚಿನ ಕಬ್ಬಿಣದ ಜಾಲರಿ ಬಡಿಸಬೇಕು. ಅದಕ್ಕಿಂತ ದೊಡ್ಡ ಕಣ್ಣಿನ ಜಾಲರಿಯಲ್ಲಿ ಮರಿ ನುಸುಳುತ್ತದೆ, ಹಾವೂ ನುಸುಳುತ್ತದೆ. ಪ್ಲಾಸ್ಟಿಕ್ ಜಾಲರಿಯನ್ನು ಅಳಿಲೇ ಕಡಿದುಹಾಕುತ್ತದೆ. ಒಳಗೆ ದಪ್ಪ ಸಣ್ಣ ಕೊಂಬೆಗಳು ಅಡ್ಡಾದಿಡ್ಡಿ ಇರಲಿ, ಕೆಲವು ಸಡಿಲವಾಗಿ ತೂಗಾಡಲಿ, ಏಕೆಂದರೆ ಹೊರಗಿನ ಕೊಂಬೆ ಅಲುಗಾಡುತ್ತದೆ. ಮೇಲಿನ ಮೂಲೆಯಲ್ಲಿ ಮರದ ಪೆಟ್ಟಿಗೆಯನ್ನೋ ಸಣ್ಣ ಮಡಕೆಯನ್ನೋ ಕಟ್ಟಿ, ತೆಂಗಿನ ನಾರು, ಒಣಹುಲ್ಲನ್ನು ಕೆಳಗೆ ಹರಡಿಬಿಟ್ಟರೆ ಮರಿ ಬಾಯಿತುಂಬ ನಾರು ತುರುಕಿಕೊಂಡು ಮೇಲಕ್ಕೆ ಸಾಗಿಸುವುದನ್ನು ಕಾಣಬಹುದು.

## ಬಿಡುಗಡೆ

ಬಿಡಲು ಸಿದ್ಧವಾಗಿದೆ ಎಂದು ಹೇಗೆ ತೀರ್ಮಾನಿಸುವುದು?

ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವಾರಗಳ ಹೊತ್ತಿಗೆ. ಆದರೆ ದಿನಾಂಕಕ್ಕಿಂತ ನಡತೆಯನ್ನು ನೋಡಬೇಕು. ಹಾಲು ಪೂರ್ತಿ ಬಿಟ್ಟಿರಬೇಕು. ಸಿಪ್ಪೆಯಿರುವ ಕಾಯಿಯನ್ನು ತಾನೇ ಬಿಡಿಸಿ ತಿನ್ನಬೇಕು. ಗೂಡು ಕಟ್ಟಿಕೊಳ್ಳಬೇಕು. ಕೊಂಬೆಯಿಂದ ಕೊಂಬೆಗೆ ತಪ್ಪದೆ ಜಿಗಿಯಬೇಕು. ಕಾಗೆ ಕೂಗಿದಾಗ, ಹದ್ದಿನ ನೆರಳು ಹಾದುಹೋದಾಗ ಸ್ತಬ್ಧವಾಗುವುದೋ ಗೂಡಿಗೆ ಓಡುವುದೋ ಮಾಡಬೇಕು, ಮತ್ತು ನೀವು ಹತ್ತಿರ ಹೋದರೆ ದೂರ ಸರಿಯಬೇಕು. ಈ ಕೊನೆಯದು ಸಾಕಿದವರ ಮನಸ್ಸಿಗೆ ನೋವು ತರುತ್ತದೆ, ಆದರೆ ಆರೈಕೆ ಫಲಿಸಿದ್ದರ ಗುರುತು ಅದೇ.

ಪಂಜರದ ಬಾಗಿಲು ತೆರೆದುಬಿಟ್ಟರೆ ಸಾಲದೇ?

ಸಾಲುತ್ತದೆ, ಆದರೆ ಎರಡು ವಾರಗಳ ಸಿದ್ಧತೆಯ ಬಳಿಕ. ಪಂಜರವನ್ನು ಬಿಡಬೇಕಾದ ಜಾಗಕ್ಕೇ ಒಯ್ದು, ಮರಕ್ಕೆ ಒರಗಿಸಿ ಅಥವಾ ನೆಲದಿಂದ ಎತ್ತರದಲ್ಲಿ ಇರಿಸಿ, ಅರ್ಧ ಮೇಲ್ಭಾಗಕ್ಕೆ ಮಳೆ ಬಿಸಿಲಿನ ಮರೆ ಮಾಡಬೇಕು. ಅಲ್ಲಿನ ಸದ್ದು, ಗಾಳಿ, ಬೇರೆ ಅಳಿಲುಗಳ ಕೂಗು ಅದಕ್ಕೆ ಪರಿಚಯವಾಗುತ್ತದೆ. ಆಮೇಲೆ ಎರಡು ಮೂರು ದಿನ ಮಳೆಯಿಲ್ಲವೆಂದು ತೋರಿದಾಗ, ಬೆಳಗಿನ ಬಿಸಿಲೇರಿದ ಮೇಲೆ ಬಾಗಿಲು ತೆರೆದು ಸುಮ್ಮನೆ ದೂರವಾಗಿ. ಹಿಡಿದು ಹೊರಗೆ ಬಿಡುವುದು ಬೇಡ. ಮೊದಲ ದಿನ ಅದು ಹೊರಬಂದು ಪಂಜರದ ನೆತ್ತಿಯ ಮೇಲೆಯೇ ಕುಳಿತು ಒಳಗೆ ಹೋಗಿಬಿಡಬಹುದು. ಪೆಟ್ಟಿಗೆಯೂ ಆಹಾರವೂ ಕೆಲವು ವಾರ ಅಲ್ಲೇ ಇರಲಿ, ಆಹಾರವನ್ನು ಮಾತ್ರ ಮೆಲ್ಲಮೆಲ್ಲನೆ ಕಡಿಮೆ ಮಾಡುತ್ತಾ ಬನ್ನಿ. ಮುಂಗಾರು ಬಿರುಸಾಗಿರುವ ಕರಾವಳಿ, ಮಲೆನಾಡಿನಲ್ಲಿ ಮರಿ ಸಿದ್ಧವಾಗಿದ್ದರೂ ಮಳೆ ಬಿಡುವು ಕೊಡುವವರೆಗೆ ಕಾಯುವುದೇ ಸರಿ.

ಊರಿನಲ್ಲಿ ಬಿಡುವ ಬದಲು ಬಂಡೀಪುರದಂತಹ ಕಾಡಿಗೆ ಬಿಟ್ಟರೆ ಸುಖವಾಗಿರುವುದಿಲ್ಲವೇ?

ಈ ಆಸೆ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಈ ಅಳಿಲಿನ ಮನೆ ಊರೇ. ತೋಟ, ಸಾಲುಮರ, ಹಿತ್ತಲು ಅದರ ನೆಲೆ. ದಟ್ಟಕಾಡಿನಲ್ಲಿ ಅದಕ್ಕೆ ಪರಿಚಯದ ಆಹಾರವಿಲ್ಲ, ಹೊಸ ಶತ್ರುಗಳಿದ್ದಾರೆ. ಅನುಮತಿಯಿಲ್ಲದೆ ಸಂರಕ್ಷಿತ ಅರಣ್ಯದಲ್ಲಿ ಪ್ರಾಣಿಯನ್ನು ಬಿಡುವುದು ಕಾನೂನಿಗೂ ವಿರುದ್ಧ, ರೋಗ ಸಾಗಿಸುವ ಅಪಾಯವೂ ಇದೆ. ಅಳಿಲುಗಳನ್ನು ಎಲ್ಲೆಂದರಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಪರ್ತ್ ನಗರ ನಿದರ್ಶನ. ಉತ್ತರ ಭಾರತದ ಐದು ಪಟ್ಟೆಯ ಅಳಿಲುಗಳನ್ನು 1898ರಲ್ಲಿ ಅಲ್ಲಿನ ಮೃಗಾಲಯದಿಂದ ಹೊರಬಿಟ್ಟ ಪರಿಣಾಮವಾಗಿ ಅವು ನಗರದಲ್ಲಿ ನೆಲೆಯೂರಿ, ಇಂದಿಗೂ ಹಾವಳಿ ಪ್ರಾಣಿಯೆನಿಸಿಕೊಂಡಿವೆ. ಆದ್ದರಿಂದ ಮರಿ ಸಿಕ್ಕ ಜಾಗವೇ ಮೊದಲ ಆಯ್ಕೆ. ಅಲ್ಲಿ ಮರವೇ ಉಳಿದಿಲ್ಲವೆಂದೋ ಬೀದಿಬೆಕ್ಕುಗಳ ಕಾಟವೆಂದೋ ಆದರೆ ಅದೇ ಊರಿನ, ಹಣ್ಣಿನ ಮರಗಳೂ ಬೇರೆ ಅಳಿಲುಗಳೂ ಇರುವ ಇನ್ನೊಂದು ತೋಟವನ್ನು ಮಾಲೀಕರ ಒಪ್ಪಿಗೆ ಪಡೆದು ಆರಿಸಿಕೊಳ್ಳಬಹುದು.

ಬಿಟ್ಟ ಮೂರನೇ ದಿನದಿಂದ ಕಾಣಿಸುತ್ತಿಲ್ಲ. ಸತ್ತುಹೋಯಿತೇ?

ತಿಳಿಯಲು ದಾರಿಯಿಲ್ಲ. ಬೆಕ್ಕು, ಕೇರೆಹಾವು, ಬಿಜ್ಜು, ಹದ್ದುಗಳ ನಡುವೆ ತಾಯಿ ಸಾಕಿದ ಮರಿಗಳಲ್ಲೂ ಎಲ್ಲವೂ ಬದುಕುವುದಿಲ್ಲ. ಅದು ಬೇರೆ ಅಳಿಲುಗಳ ಜೊತೆ ಬೆರೆತು ಗುರುತು ಸಿಗದಂತಾಗಿರುವ ಸಾಧ್ಯತೆಯೂ ಅಷ್ಟೇ ಇದೆ. ಹುಡುಕಿಕೊಂಡು ಹೋಗಿ ಕರೆಯುವುದರಿಂದ ಅದಕ್ಕೆ ಉಪಕಾರವಿಲ್ಲ. ವಾರಗಟ್ಟಲೆ ಕಳೆದರೂ ಹೊರಗಿನಿಂದ ಏನನ್ನೂ ತಿನ್ನದೆ, ಸೊರಗಿ, ನಿಮ್ಮ ಭುಜವನ್ನೇ ಹತ್ತುತ್ತಿದ್ದರೆ ಮಾತ್ರ ಮತ್ತೆ ಒಳಗೆ ತಂದು ಸಿದ್ಧತೆಯನ್ನು ಮುಂದುವರಿಸಬೇಕು.

## ವಿಶೇಷ ಸಂದರ್ಭಗಳು

ಕೊಡಗಿನ ನಮ್ಮ ತೋಟದಲ್ಲಿ ದೊಡ್ಡ ಕೆಂಪು ಅಳಿಲಿನ ಮರಿ ಸಿಕ್ಕಿದೆ. ಇದೇ ರೀತಿ ಸಾಕಬಹುದೇ?

ಸಾಕಬಾರದು. ಕೆಂದಳಿಲಾಗಲಿ, ಹಾರುಬೆಕ್ಕು ಎಂದು ಕರೆಯುವ, ರಾತ್ರಿ ಸಂಚರಿಸುವ ಹಾರುವ ಅಳಿಲಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಪಡೆದ ಪ್ರಾಣಿಗಳು. ಬೆಚ್ಚಗಿರಿಸಿ, ಸಿಕ್ಕ ಮರವನ್ನು ಗುರುತು ಮಾಡಿಟ್ಟು, ಅದೇ ದಿನ ಅರಣ್ಯ ಇಲಾಖೆಗೆ ತಿಳಿಸಿ. ಅವು ಎತ್ತರದ ಮರಗಳ ನೆತ್ತಿಯಲ್ಲೇ ಬಾಳುವಂಥವು. ಅವುಗಳ ಬಿಡುಗಡೆಗೆ ಬೇಕಾದ ದೊಡ್ಡ ಆವರಣ ಮನೆಗಳಲ್ಲಿ ಸಾಧ್ಯವಿಲ್ಲ.

ನಾವು ಇರುವುದು ವಿದೇಶದಲ್ಲಿ. ಹಿತ್ತಲಿನಲ್ಲಿ ಬೂದು ಅಳಿಲಿನ ಮರಿ ಬಿದ್ದಿದೆ. ಊರಿನ ಅನುಭವ ಇಲ್ಲಿಗೂ ಹೊಂದುತ್ತದೆಯೇ?

ಶಾಖ, ನೀರಿನಂಶ, ಹಾಲು ಎಂಬ ಕ್ರಮವೂ ತಾಯಿಗೆ ಒಪ್ಪಿಸುವ ಪ್ರಯತ್ನವೂ ಹೊಂದುತ್ತವೆ. ಬೆಳವಣಿಗೆಯ ಲೆಕ್ಕ ಹೊಂದುವುದಿಲ್ಲ. ಬೂದು ಅಳಿಲು ಬಹಳ ದೊಡ್ಡದು, ಅದು ಕಣ್ಣು ಬಿಡಲು ನಾಲ್ಕರಿಂದ ಐದು ವಾರ ಬೇಕು, ಬಿಡುಗಡೆಯೂ ತಡ. ಕಾನೂನಂತೂ ಪೂರ್ತಿ ಬೇರೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪರವಾನಗಿ ಪಡೆದ ಪುನರ್ವಸತಿದಾರರೇ ಕಾಡುಪ್ರಾಣಿಯನ್ನು ಆರೈಕೆ ಮಾಡಬೇಕು. ಆದ್ದರಿಂದ ಮರಿಯನ್ನು ಬೆಚ್ಚಗಿಟ್ಟು ಅವರನ್ನು ಸಂಪರ್ಕಿಸುವುದಷ್ಟೇ ನಿಮ್ಮ ಕೆಲಸ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೂದು ಅಳಿಲು ಉತ್ತರ ಅಮೆರಿಕದಿಂದ ಬಂದು ಸ್ಥಳೀಯ ಕೆಂಪು ಅಳಿಲನ್ನು ಮೂಲೆಗೊತ್ತಿದ ಆಕ್ರಮಣಕಾರಿ ಜಾತಿ. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಒಮ್ಮೆ ಹಿಡಿದ ಬೂದು ಅಳಿಲನ್ನು ಮತ್ತೆ ಹೊರಗೆ ಬಿಡುವುದು ಅಪರಾಧ. ಅಲ್ಲಿರುವವರು ಮರಿಯನ್ನು ಎತ್ತಿಕೊಳ್ಳುವುದಕ್ಕೆ ಮೊದಲೇ, ತಾಯಿ ಬಂದು ಒಯ್ಯುತ್ತದೆಯೇ ಎಂದು ದೂರದಿಂದ ನೋಡುತ್ತಾ, ಹತ್ತಿರದ ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ ಕರೆ ಮಾಡಿ ಕೇಳಬೇಕು.